ಕವರ್ ಮಾತ್ರ ವಾಪಸ್ ಕೊಡ್ತೀವಿ ಅನ್ನುವ ವಿತರಕರ ಬಗ್ಗೆ ಹುಷಾರಾಗಿರಿ

ದೆವ್ವ, ಮಾಟ, ಅನ್ಯಗ್ರಹದ ಕಥೆಗಳಿಗಾಗಿಯೇ ಒಂದು ಸಣ್ಣ ಪತ್ರಿಕೆ ಮಾಡಬೇಕು ಅಂತ ಓಡಾಡುವವರು ಆಗಾಗ ನನಗೆ ಫೋನ್ ಮಾಡುತ್ತಾರೆ. ಕಥೆ ಎಲ್ಲಿ ಸಿಗುತ್ತದೆ, ಚಿತ್ರ ಯಾರು ಬರೆಯುತ್ತಾರೆ, ಯಾವ ಪ್ರೆಸ್ ಒಳ್ಳೆಯದು ಅಂತೆಲ್ಲ ಕೇಳುತ್ತಾರೆ. ವಿತರಣೆ ಬಗ್ಗೆ ಯಾರೂ ಕೇಳುವುದಿಲ್ಲ. ನಮ್ಮ ಪತ್ರಿಕೆ ಮುಗ್ಗರಿಸಿದ್ದು ಅಲ್ಲೇ. ವಿತರಕರ ಹೆಸರು ಇಲ್ಲಿ ಹಾಕುವುದಿಲ್ಲ, ವಿಷಯ ವಕೀಲರ ಕೈಯಲ್ಲಿದೆ. ಅವರ ವ್ಯವಹಾರದ ರೀತಿ ಮಾತ್ರ ಹೇಳುತ್ತೇನೆ.

ನಮ್ಮದು ತ್ರೈಮಾಸಿಕ. ಡೆಮಿ ಅಳತೆಯ 64 ಪುಟ, ಅಂದರೆ ಹದಿನಾರು ಪುಟದ ನಾಲ್ಕು ಫಾರಂ. ಮಧ್ಯೆ ಎರಡು ಪಿನ್, ಮೇಲೆ ಬಣ್ಣದ ಮುಖಪುಟ. ಒಳಗೆ ಅಗ್ಗದ ಕಾಗದ, ಅದು ಬೇಕೆಂದೇ ಹಾಕಿದ್ದು. ಹಳೇ ಪಲ್ಪ್ ಪತ್ರಿಕೆಗಳ, ಅಂದರೆ ಅಗ್ಗದ ಕಾಗದದಲ್ಲಿ ಬರುತ್ತಿದ್ದ ರೋಚಕ ಕಥಾಪತ್ರಿಕೆಗಳ, ಅರ್ಧ ಮಜಾ ಆ ಕಾಗದದಲ್ಲೇ ಇತ್ತು. ಹಿರಿಯರೊಬ್ಬರು ಪ್ರತಿ ತಿರುವಿ ನೋಡಿ, 'ಇದೇನ್ರೀ, ಬಸ್ ಸ್ಟ್ಯಾಂಡ್ ಪುಸ್ತಕ ಇದ್ದ ಹಾಗಿದೆ' ಅಂದರು. ನಮಗೆ ಸಿಕ್ಕ ಒಳ್ಳೆಯ ವಿಮರ್ಶೆಗಳಲ್ಲಿ ಅದೂ ಒಂದು.

ಮೊದಲು ಲೆಕ್ಕ ನೋಡಿ. ಬೆಲೆ 80 ರೂಪಾಯಿ. ವಿತರಕರಿಗೆ 40 ಪರ್ಸೆಂಟ್ ಕಮಿಷನ್ ಹೋದರೆ ನಮ್ಮ ಕೈಗೆ 48. ಅಚ್ಚಿನ ಖರ್ಚು ಪ್ರತಿಗೆ ಸುಮಾರು 35. ಉಳಿದ 13 ರೂಪಾಯಿಯಲ್ಲಿ ಲೇಖಕರು, ಚಿತ್ರಕಾರರು, ಕರಡು ತಿದ್ದುವವರು, ಎಲ್ಲರಿಗೂ ಕೊಡಬೇಕು. ನಾಲ್ಕು ಪ್ರತಿಯಲ್ಲಿ ಮೂರು ಮಾರಾಟವಾಗಿ ಒಂದು ಉಳಿದರೆ ಆ 13 ಮೂರು ಸಲ ಬಂದದ್ದೂ ಉಳಿದ ಪ್ರತಿಯ ಅಚ್ಚಿನ ಖರ್ಚಿಗೇ ಹೆಚ್ಚುಕಡಿಮೆ ಸರಿ. ಹಾಗಾಗಿ ಎಷ್ಟು ಅಚ್ಚು ಹಾಕಬೇಕು ಅನ್ನುವುದೇ ಸಣ್ಣ ಪತ್ರಿಕೆಯ ಜೀವ. ಅದನ್ನು ತೀರ್ಮಾನ ಮಾಡುವವರು ಯಾರು ಅನ್ನುವುದರಲ್ಲೇ ನಮ್ಮ ವಿತರಕರ ಆಟ ಇತ್ತು.

ಮೊದಲ ಸಂಚಿಕೆಗೆ 500 ಪ್ರತಿ ತೆಗೆದುಕೊಂಡರು. ಸ್ವಲ್ಪ ಅಡ್ವಾನ್ಸ್ ಕೊಟ್ಟರು, ನಗುನಗುತ್ತಾ ಕಾಫಿ ಕೊಡಿಸಿದರು. ಎರಡನೆಯದಕ್ಕೆ 'ಡಿಮ್ಯಾಂಡ್ ಇದೆ ಸಾರ್, ಸಾವಿರದ ಐನೂರು ಹಾಕಿಸಿ' ಅಂದರು. ಕರ್ನಾಟಕ ಪೂರ್ತಿ ನಾವೇ ನೋಡಿಕೊಳ್ಳುತ್ತೇವೆ, ಬೇರೆ ಯಾರಿಗೂ ಕೊಡಬೇಡಿ ಅನ್ನುವ ಷರತ್ತೂ ಬಂತು. ಮಾರಾಟವಾದಷ್ಟಕ್ಕೆ ದುಡ್ಡು, ಉಳಿದದ್ದು ವಾಪಸ್, ಲೆಕ್ಕ ಎರಡು ಸಂಚಿಕೆ ಆದ ಮೇಲೆ. ಈ ಧಂದೆಯಲ್ಲಿ ಇದೆಲ್ಲ ಮಾಮೂಲಿ, ಕೇಳಿದವರೆಲ್ಲ ಹಾಗೇ ಹೇಳಿದರು.

ಮೂರನೇ ಸಂಚಿಕೆ ಪ್ರೆಸ್‌ನಿಂದ ಹೊರಬಿದ್ದ ದಿನ ಹೊಸ ಮಾತು ಶುರುವಾಯಿತು. 'ಸಾರ್, ಹುಬ್ಬಳ್ಳಿ, ಕಲಬುರಗಿಯಿಂದ ಉಳಿದ ಕಾಪಿ ತರಿಸೋಕೆ ಟ್ರಾನ್ಸ್‌ಪೋರ್ಟ್ ಖರ್ಚು ಯಾರು ಕೊಡೋದು? ಕವರ್ ಕಿತ್ತು ಕಳಿಸ್ತೀವಿ. ಲೆಕ್ಕಕ್ಕೆ ಅಷ್ಟು ಸಾಕಲ್ವಾ? ಒಳಗಿಂದು ರದ್ದಿಗೆ ಹಾಕಿಬಿಡ್ತೀವಿ.' ಒಪ್ಪದಿದ್ದರೆ ಹಿಂದಿನ ಬಾಕಿ ಬರುವುದಿಲ್ಲ ಅಂತ ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಎರಡು ಸಂಚಿಕೆಯ ದುಡ್ಡು ಅವರ ಹತ್ತಿರವೇ ಇತ್ತು.

ಕವರ್ ಕಿತ್ತು ಕಳಿಸುವ ಪದ್ಧತಿ ಇವರು ಕಂಡುಹಿಡಿದದ್ದಲ್ಲ. ಅಮೆರಿಕದ ಅಗ್ಗದ ಪೇಪರ್‌ಬ್ಯಾಕ್ ವ್ಯಾಪಾರದಲ್ಲಿ ಇದು ಹಳೆಯದು. ಅಲ್ಲಿನ ಎಷ್ಟೋ ಪುಸ್ತಕಗಳ ಒಳಪುಟದಲ್ಲಿ, ಮುಖಪುಟ ಇಲ್ಲದ ಪ್ರತಿ ಕೊಂಡಿದ್ದರೆ ಅದು ಕದ್ದ ಮಾಲು, ಲೇಖಕನಿಗೂ ಪ್ರಕಾಶಕನಿಗೂ ಅದರ ಕಾಸು ಸೇರಿಲ್ಲ ಅನ್ನುವ ಎಚ್ಚರಿಕೆ ಅಚ್ಚಾಗಿರುತ್ತದೆ. ಸುಮ್ನೆ ಅಚ್ಚು ಹಾಕುತ್ತಾರಾ?

ಬಂಡಲ್ ಕಟ್ಟಿದ ಕವರ್‌ಗಳು ಬಂದವು. ಎಣಿಸಿದರೆ ಮುಕ್ಕಾಲು ಪಾಲು ಖರ್ಚೇ ಆಗಿಲ್ಲ ಅನ್ನುವ ಲೆಕ್ಕ. ಕಥೆಗಳೇ ಚೆನ್ನಾಗಿಲ್ಲವೇನೋ ಅಂತ ನಮ್ಮ ಲೇಖಕರು ಮಂಕಾದರು. ಆಮೇಲೆ ಒಂದು ಭಾನುವಾರ ಓದುಗರೊಬ್ಬರು ಅವೆನ್ಯೂ ರಸ್ತೆಯ ಫುಟ್‌ಪಾತ್‌ನಲ್ಲಿ 20 ರೂಪಾಯಿಗೆ ಕೊಂಡ ಪ್ರತಿಯನ್ನು ತಂದುಕೊಟ್ಟರು. ಮುಖಪುಟ ಇಲ್ಲ. ನೇರ ಮೊದಲ ಕಥೆಯಿಂದ ಶುರು. ಆದರೆ ಬೆನ್ನಿನ ಪಿನ್ ಅಡಿಯಲ್ಲಿ ಉಗುರಗಲದ ನೇರಳೆ ಬಣ್ಣದ ಚೂರು ಸಿಕ್ಕಿಕೊಂಡಿತ್ತು. ನಮ್ಮ ಮೊದಲ ಮುಖಪುಟದ ಆಕಾಶದ ಬಣ್ಣ ಅದು. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಬಾಗಿಲುಗಳ ಮೇಲೆ 'ನಾಳೆ ಬಾ' ಅಂತ ಬರೆಯುತ್ತಿದ್ದರಲ್ಲ, ಅಂಥ ಒಂದು ಬಾಗಿಲ ಮುಂದೆ ಅನ್ಯಗ್ರಹದವನೊಬ್ಬ ಓದಲು ಬಾರದೆ ನಿಂತಿರುವ ಚಿತ್ರ. ಬಂದಿದ್ದ ಕವರ್‌ಗಳನ್ನು ತೆಗೆದು ನೋಡಿದೆವು. ಪಿನ್ ಇದ್ದ ಜಾಗದಲ್ಲಿ ಅಷ್ಟೇ ಅಗಲದ ತೂತು.

ಅದಾದ ಮೇಲೆ ದಾವಣಗೆರೆಯಿಂದ ಇನ್ನೊಬ್ಬರು ವಾಟ್ಸಾಪ್‌ನಲ್ಲಿ ಫೋಟೊ ಕಳಿಸಿದರು. ನಮ್ಮ ಮೂರೂ ಸಂಚಿಕೆ ಒಟ್ಟಿಗೆ ಹೊಲಿದು, ಮೇಲೆ ಇಂಟರ್‌ನೆಟ್ಟಿನಿಂದ ಎತ್ತಿದ ಅಸ್ಥಿಪಂಜರದ ಚಿತ್ರ ಅಂಟಿಸಿ, ಬಸ್ ಸ್ಟ್ಯಾಂಡ್ ಅಂಗಡಿಯಲ್ಲಿ 'ಭಯಂಕರ ದೆವ್ವದ ಕಥೆಗಳು' ಅಂತ ಮಾರುತ್ತಿದ್ದರು. ಬೆಲೆ 120. ಒಳಗಿನ ಪುಟಸಂಖ್ಯೆ 64ಕ್ಕೆ ಮುಗಿದು ಮತ್ತೆ 1ರಿಂದ ಶುರು. ಬಸ್ ಸ್ಟ್ಯಾಂಡ್ ಪುಸ್ತಕ ಅಂದಿದ್ದ ಹಿರಿಯರ ಮಾತು ನಿಜವಾಯಿತು, ದುಡ್ಡು ಮಾತ್ರ ನಮಗಲ್ಲ.

ಬಾಕಿ ಕೇಳಲು ಹೋದಾಗಲೆಲ್ಲ ಅವರ ಆಫೀಸಿನ ಹುಡುಗ 'ನಾಳೆ ಬನ್ನಿ ಸಾರ್' ಅನ್ನುತ್ತಿದ್ದ. ನಮ್ಮ ಮುಖಪುಟ ನೋಡಿ ಕಲಿತನೋ ಏನೋ. ಕೊನೆಗೆ ಬಂದ ಲೆಕ್ಕಪತ್ರದಲ್ಲಿ ಗೋಡೌನ್ ಬಾಡಿಗೆ, ಸಾಗಣೆ, ಡ್ಯಾಮೇಜ್ ಎಲ್ಲ ಕಳೆದು ನಾವೇ ಅವರಿಗೆ ದುಡ್ಡು ಕೊಡಬೇಕು ಅಂತಿತ್ತು.

ಇಂಥ ತೂತು ಕೊನೆಗೆ ಲೇಖಕರ ಜೇಬಿಗೇ ಬೀಳುತ್ತದೆ. ಖಡ್ಗವೀರ ಕೋನನ್‌ನ ಕಥೆಗಳನ್ನು ಬರೆದ ರಾಬರ್ಟ್ ಇ. ಹೋವರ್ಡ್ 1935ರಲ್ಲಿ 'ವಿಯರ್ಡ್ ಟೇಲ್ಸ್' ಅನ್ನುವ ಅಮೆರಿಕದ ಪಲ್ಪ್ ಪತ್ರಿಕೆಯ ಸಂಪಾದಕರಿಗೆ ಪತ್ರ ಬರೆದು, ಆಗಲೇ ಅಚ್ಚಾಗಿರುವ ಕಥೆಗಳಿಗೆ 800 ಡಾಲರ್‌ಗಿಂತ ಜಾಸ್ತಿ ಬರಬೇಕು ಅಂತ ಅಂಗಲಾಚಿದ್ದ. ಮರುವರ್ಷ ಸತ್ತಾಗಲೂ ಬಾಕಿ ಇತ್ತು. ಆ ಪತ್ರಿಕೆಯನ್ನು ಈಗ ನಾವೆಲ್ಲ ಹೊಗಳುತ್ತೇವೆ. ನಮ್ಮ ಲೇಖಕರಿಗೆ ಹಾಗಾಗಬಾರದು ಅಂತ ಚೀಟಿ ದುಡ್ಡು ಎತ್ತಿ ಕೊಟ್ಟೆವು. ಎಲ್ಲರಿಗೂ ಹಾಗೆ ಮಾಡಲು ಆಗಲ್ಲ.

ಒಬ್ಬರಿಗೇ ಎಲ್ಲ ಕೊಡಿ ಅನ್ನುವ ಷರತ್ತು ಇದಕ್ಕಿಂತ ದೊಡ್ಡ ಅಪಾಯ. ವಿತರಕ ಒಳ್ಳೆಯವನೇ ಆದರೂ ಅಪಾಯವೇ. 1957ರಲ್ಲಿ ಅಮೆರಿಕನ್ ನ್ಯೂಸ್ ಕಂಪನಿ ಅನ್ನುವ ದೈತ್ಯ ವಿತರಣಾ ಸಂಸ್ಥೆ ಬಾಗಿಲು ಹಾಕಿದಾಗ ಅಲ್ಲಿನ ಸೈನ್ಸ್ ಫಿಕ್ಷನ್ ಪತ್ರಿಕೆಗಳು ತತ್ತರಿಸಿದವು, ಹಲವು ನಿಂತೇ ಹೋದವು. ಓದುಗರು ಇದ್ದರು, ಕಥೆಗಳೂ ಇದ್ದವು, ಅಂಗಡಿ ತಲುಪಿಸುವ ದಾರಿ ಇರಲಿಲ್ಲ. ಡಿಜಿಟಲ್ ಆದರೆ ಈ ಕಾಟ ಇಲ್ಲ ಅನ್ನುವವರಿಗೆ ಒಂದು ಮಾತು: 2023ರಲ್ಲಿ ಅಮೆಜಾನ್ ಕಿಂಡಲ್‌ನಲ್ಲಿ ಪತ್ರಿಕೆಗಳ ಚಂದಾ ವ್ಯವಸ್ಥೆಯನ್ನೇ ನಿಲ್ಲಿಸಿತು. 'ಕ್ಲಾರ್ಕ್ಸ್‌ವರ್ಲ್ಡ್'ನಂಥ ಹೆಸರುವಾಸಿ ಪತ್ರಿಕೆಯೂ ಚಂದಾದಾರರನ್ನು ಬೇರೆ ಕಡೆ ಸೇರಿಸಿಕೊಳ್ಳಲು ಒದ್ದಾಡಿತು.

ಈಗ ಯಾರಾದರೂ ಕೇಳಿದರೆ ಇಷ್ಟು ಹೇಳುತ್ತೇನೆ. ಎಷ್ಟು ಅಚ್ಚು ಅನ್ನುವುದನ್ನು ವಿತರಕರ ಬಾಯಿಮಾತಿನ ಮೇಲೆ ಬಿಡಬೇಡಿ. ಜಾಸ್ತಿ ಬೇಕು ಅಂದರೆ ಆ ಹೆಚ್ಚುವರಿ ಪ್ರತಿಗಳನ್ನು ವಾಪಸ್ ಇಲ್ಲದ ಷರತ್ತಿನಲ್ಲಿ ಕೊಳ್ಳಲಿ. ನಿಜವಾಗಿ ಡಿಮ್ಯಾಂಡ್ ಇದ್ದವರು ಕೊಳ್ಳುತ್ತಾರೆ, ಇಲ್ಲದವರು ಮಾತು ಬದಲಿಸುತ್ತಾರೆ. ವಾಪಸ್ ಬರುವುದಾದರೆ ಪೂರ್ತಿ ಪ್ರತಿ ಬರಬೇಕು. ಲಾರಿ ಬಾಡಿಗೆ ನೀವೇ ಕೊಟ್ಟರೂ ಅಗ್ಗ, ಯಾಕೆಂದರೆ ಹಳೇ ಸಂಚಿಕೆಗಳನ್ನು ಪುಸ್ತಕ ಮೇಳದಲ್ಲಿ ಮಾರಬಹುದು. ಒಂದರ ಲೆಕ್ಕ ಚುಕ್ತಾ ಆಗದೆ ಮುಂದಿನದು ಕೊಡಬೇಡಿ. ಉದ್ಯಮ್ ನೋಂದಣಿಯನ್ನು, ಅಂದರೆ ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಮಾಡಿಸುವ ನೋಂದಣಿಯನ್ನು, ಮಾಲು ಕೊಡುವ ಮೊದಲೇ ಮಾಡಿಸಿಟ್ಟುಕೊಳ್ಳಿ. 2006ರ ಎಂಎಸ್‌ಎಂಇ ಕಾಯ್ದೆಯಲ್ಲಿ ಸಣ್ಣ ಉದ್ಯಮಗಳಿಗೆ 45 ದಿನದೊಳಗೆ ದುಡ್ಡು ಕೊಡಬೇಕು ಅಂತಿದೆ. ಆದರೆ ಮಾರಾಟವಾಗದಿದ್ದರೆ ವಾಪಸ್ ಅನ್ನುವ ಬಿಲ್ ಇದ್ದರೆ ವಾದ ಮಾಡುವುದು ಕಷ್ಟ ಅಂತ ನಮ್ಮ ವಕೀಲರು ಹೇಳಿದರು.

ಚಂದಾದಾರರನ್ನು ನೇರವಾಗಿ ಕಟ್ಟಿಕೊಳ್ಳುವುದು ನಿಧಾನ, ಆದರೆ ದುಡ್ಡು ಮೊದಲೇ ಬರುತ್ತದೆ. ಪತ್ರಿಕೆ ಶುರು ಮಾಡುವ ಮೊದಲು ಅದರ ಹೆಸರಿನ ನೋಂದಣಿ ಆಗಬೇಕು. 2024ರ ಮಾರ್ಚ್ 1ರಿಂದ ಪತ್ರಿಕೆಗಳ ನೋಂದಣಿಗೆ ಹೊಸ ಕಾಯ್ದೆ ಬಂದಿದೆ, ಅರ್ಜಿ ಸರ್ಕಾರದ ಪ್ರೆಸ್ ಸೇವಾ ಪೋರ್ಟಲ್‌ನಲ್ಲಿ ಹಾಕಬೇಕು.

ಆ ಅಸ್ಥಿಪಂಜರದ ಮುಖಪುಟದ ಸಂಕಲನ ನಿಮ್ಮ ಊರಿನ ಬಸ್ ಸ್ಟ್ಯಾಂಡ್‌ನಲ್ಲಿ ಕಂಡರೆ ಒಂದು ಫೋಟೊ ತೆಗೆದು ಕಳಿಸಿ. ಅಂಗಡಿಯವರ ಜೊತೆ ಜಗಳ ಬೇಡ, ಅವರೂ ದುಡ್ಡು ಕೊಟ್ಟು ತಂದಿರುತ್ತಾರೆ. ಯಾರು ತಂದುಹಾಕಿದರು, ಬಿಲ್ ಇದೆಯಾ ಅಂತ ಮಾತ್ರ ಕೇಳಿ. ನಮ್ಮ ವಕೀಲರಿಗೆ ಬೇಕಾಗಿರುವುದು ಆ ಬಿಲ್.