ಚಿತ್ರಪಟದೊಳಗಿನ ಹುಡುಗಿ, ಕೋಳಿಯಾದ ಹುಡುಗಿ: ಎರಡು ‘ದಿ ವಿಚಸ್’, ಎರಡು ಶನಿವಾರ

ರೋಲ್ಡ್ ಡಾಲ್ 1983ರಲ್ಲಿ ಬರೆದ ಮಕ್ಕಳ ಕಾದಂಬರಿ ‘ದಿ ವಿಚಸ್’ ಎರಡು ಸಲ ಸಿನಿಮಾ ಆಗಿದೆ. 1990ರಲ್ಲಿ ನಿಕೊಲಸ್ ರೋಗ್ ಮಾಡಿದ್ದು ಒಂದು, 2020ರಲ್ಲಿ ರಾಬರ್ಟ್ ಝೆಮೆಕಿಸ್ ಮಾಡಿದ್ದು ಇನ್ನೊಂದು. ಮಕ್ಕಳಿಗೆ ಯಾವುದನ್ನು ತೋರಿಸಲಿ ಎಂದು ಗೆಳತಿಯರನ್ನು ಕೇಳಿದೆ. ಹಳೆಯದನ್ನು ಚಿಕ್ಕಂದಿನಲ್ಲಿ ನೋಡಿದ್ದವಳು, “ಬೇಡ ಮಾರಾಯ್ತಿ, ನನಗೆ ಈಗಲೂ ಅದು ಕನಸಲ್ಲಿ ಬರುತ್ತೆ” ಅಂದಳು. ಒಂದು ಗಳಿಗೆ ಬಿಟ್ಟು, “ಆದರೆ ತೋರಿಸೋದಾದ್ರೆ ಅದನ್ನೇ ತೋರಿಸು” ಎಂದೂ ಸೇರಿಸಿದಳು. ಹೊಸದನ್ನು ಮಾತ್ರ ನೋಡಿದವಳು ಅದರಲ್ಲಿ ಹೆದರುವಂಥದ್ದು ಏನಿದೆ ಎಂದು ನನ್ನನ್ನೇ ಕೇಳಿದಳು. ಅಮೆರಿಕದಲ್ಲಿ ಎರಡಕ್ಕೂ ಸಿಕ್ಕಿದ್ದು ಒಂದೇ ಪಿಜಿ, ಅಂದರೆ ದೊಡ್ಡವರ ಮಾರ್ಗದರ್ಶನದಲ್ಲಿ ಮಕ್ಕಳು ನೋಡಬಹುದು ಎಂಬ ಸರ್ಟಿಫಿಕೇಟು.

ಕೊನೆಗೆ ಎರಡನ್ನೂ ಮನೆಯಲ್ಲೇ ಹಾಕಿದೆ. ಮೊದಲ ಶನಿವಾರ ಹಳೆಯದು, ಮುಂದಿನ ಶನಿವಾರ ಹೊಸದು. ಜೊತೆಗೆ ಕೂತಿದ್ದವರು ಒಂಬತ್ತು ವರ್ಷದ ನನ್ನ ಮಗಳು, ರಜೆಗೆ ಬಂದಿದ್ದ ಹನ್ನೆರಡರ ಅಣ್ಣನ ಮಗ, ಮತ್ತು ಅಮ್ಮ. ಅಮ್ಮನಿಗೆ ಇಂಗ್ಲಿಷ್ ಬಾರದು. ಪಕ್ಕದಲ್ಲಿ ಕೂತು ಮಾತುಗಳನ್ನೆಲ್ಲ ಕನ್ನಡದಲ್ಲಿ ಹೇಳುತ್ತಾ ಹೋದೆ. ಹಾಗೆ ಹೇಳುವಾಗಲೇ ಎರಡಕ್ಕೂ ಇರುವ ಅಂತರ ನನಗೆ ಹೆಚ್ಚು ಗೊತ್ತಾಗಿದ್ದು.

ಕತೆ ಸಣ್ಣದು. ಅಪ್ಪ ಅಮ್ಮನನ್ನು ಕಾರು ಅಪಘಾತದಲ್ಲಿ ಕಳೆದುಕೊಂಡ ಹುಡುಗ ಅಜ್ಜಿಯ ಜೊತೆ ಇರುತ್ತಾನೆ. ಮಾಟಗಾತಿಯರು ನಿಜವಾಗಿಯೂ ಇದ್ದಾರೆ, ಮಾಮೂಲಿ ಹೆಂಗಸರ ಹಾಗೇ ಓಡಾಡಿಕೊಂಡಿರುತ್ತಾರೆ ಎಂದು ಅಜ್ಜಿ ಹೇಳುತ್ತಾಳೆ. ಬೋಳು ತಲೆ ಮುಚ್ಚಲು ವಿಗ್ಗು, ಕೈ ಮುಚ್ಚಲು ಗ್ಲೌಸು. ಅವರಿಗೆ ಮಕ್ಕಳ ಮೈವಾಸನೆ ನಾಯಿಯ ಹೇಲಿನಂತೆ ಮೂಗಿಗೆ ಬಡಿಯುತ್ತದೆ. ಅಜ್ಜಿ ಮೊಮ್ಮಗ ಒಂದು ಹೋಟೆಲಿಗೆ ಹೋದರೆ, ಮಾಟಗಾತಿಯರ ಸಭೆಯೂ ಅಲ್ಲೇ ನಡೆಯುತ್ತಿರುತ್ತದೆ. ಹುಡುಗ ಇಲಿಯಾಗುತ್ತಾನೆ.

ಎರಡು ಸಿನಿಮಾ ಬೇರೆ ದಾರಿ ಹಿಡಿಯುವುದು ಬಹಳ ಮೊದಲೇ, ಅಜ್ಜಿ ತನ್ನ ಬಾಲ್ಯದ ಗೆಳತಿಯ ಕತೆ ಹೇಳುವ ಕಡೆ. ಪುಸ್ತಕದಲ್ಲಿ ಅಜ್ಜಿ ಮಾಟಗಾತಿಯರ ಕೈಗೆ ಸಿಕ್ಕ ಹಲವು ಮಕ್ಕಳ ಕತೆ ಹೇಳುತ್ತಾಳೆ. ಒಬ್ಬಳು ಚಿತ್ರಪಟದೊಳಗೆ ಸಿಕ್ಕಿಕೊಳ್ಳುತ್ತಾಳೆ, ಒಬ್ಬಳು ಕೋಳಿಯಾಗುತ್ತಾಳೆ, ಒಬ್ಬ ಕಲ್ಲಾಗುತ್ತಾನೆ. 1990ರವರು ಚಿತ್ರಪಟವನ್ನು ಆರಿಸಿಕೊಂಡರು. 2020ರವರು ಕೋಳಿಯನ್ನು.

ಹಳೆಯದರಲ್ಲಿ ಎರಿಕಾ ಎಂಬ ಹುಡುಗಿ ಕಾಣೆಯಾಗುತ್ತಾಳೆ. ಊರೆಲ್ಲ ಹುಡುಕುತ್ತಾರೆ. ಆಮೇಲೆ ನೋಡಿದರೆ ಅವರ ಮನೆಯ ಗೋಡೆಯ ಮೇಲಿರುವ ಚಿತ್ರದೊಳಗೆ ನಿಂತಿದ್ದಾಳೆ. ಅಲುಗಾಡುವುದನ್ನು ಯಾರೂ ಕಂಡಿಲ್ಲ, ಆದರೆ ಒಮ್ಮೆ ನೋಡಿದಾಗ ಇಲ್ಲಿರುತ್ತಾಳೆ, ಇನ್ನೊಮ್ಮೆ ನೋಡಿದಾಗ ಅಲ್ಲಿ. ಅಪ್ಪ ಅಮ್ಮನ ಕಣ್ಣೆದುರೇ ಚಿತ್ರದೊಳಗೆ ವರ್ಷವರ್ಷ ದೊಡ್ಡವಳಾಗಿ, ಮುದುಕಿಯಾಗಿ, ಒಂದು ದಿನ ಇಲ್ಲವಾಗುತ್ತಾಳೆ. ಇಷ್ಟೇ. ರಕ್ತವಿಲ್ಲ, ಕಿರುಚಾಟವಿಲ್ಲ. ಇದನ್ನು ಅಮ್ಮನಿಗೆ ಹೇಳುತ್ತಿರುವಾಗ ನನ್ನ ದನಿಯೇ ಇಳಿದುಹೋಯಿತು. ಮಗಳು ಅಜ್ಜಿಯ ಮಡಿಲಿಗೆ ಜರುಗಿದಳು. ಅಮ್ಮ ಕೇಳಿದ್ದು ಒಂದೇ ಮಾತು: “ಅವಳ ತಾಯಿ ದಿನಾ ಆ ಗೋಡೆ ನೋಡ್ಕೊಂಡು ಹೇಗೆ ಬದುಕಿದಳೇ?” ಅಲ್ಲಿಯವರೆಗೆ ನಾನು ಆ ದೃಶ್ಯವನ್ನು ಹುಡುಗಿಯ ಕಡೆಯಿಂದಲೇ ನೋಡುತ್ತಿದ್ದೆ. ಅವತ್ತಿನಿಂದ ಅದು ಆ ತಾಯಿಯ ದೃಶ್ಯವಾಗಿದೆ.

ಹೊಸದರಲ್ಲಿ ಆಲಿಸ್ ಎಂಬ ಗೆಳತಿ ಕೋಳಿಯಾಗುತ್ತಾಳೆ. ಕಣ್ಣೆದುರೇ ಪುಕ್ಕ ಬರುತ್ತದೆ. ಕಂಪ್ಯೂಟರ್ ಕೆಲಸ ಅಚ್ಚುಕಟ್ಟಾಗಿದೆ. ಮಕ್ಕಳು ನಕ್ಕರು. ಪಾಪ ಅನ್ನಿಸುವಷ್ಟು ಹೊತ್ತು ಸಿನಿಮಾ ಅಲ್ಲಿ ನಿಲ್ಲುವುದಿಲ್ಲ. ಹಳೆಯದು ಮಕ್ಕಳಿಗೆ ಯೋಚಿಸಲು ಬಿಡುತ್ತದೆ, ಹೊಸದು ಮುಂದಿನ ಚಮತ್ಕಾರಕ್ಕೆ ಓಡುತ್ತದೆ. ನನ್ನ ಮಟ್ಟಿಗೆ ಎರಡು ಸಿನಿಮಾಗಳ ಗುಣವೂ ಈ ಒಂದು ಜಾಗದಲ್ಲೇ ತೀರ್ಮಾನವಾಯಿತು.

ಎಲ್ಲರೂ ಮಾತಾಡುವುದು ಸಭೆಯ ದೃಶ್ಯದ ಬಗ್ಗೆ. ಮಹಾ ಮಾಟಗಾತಿ ತನ್ನ ನಿಜರೂಪ ತೋರಿಸುವ ಗಳಿಗೆ ಅದು. ಹಳೆಯದರಲ್ಲಿ ಆಂಜೆಲಿಕಾ ಹ್ಯೂಸ್ಟನ್ ತನ್ನ ಮುಖವನ್ನು ಬಟ್ಟೆ ಬಿಚ್ಚಿದಂತೆ ಸುಲಿದು ತೆಗೆಯುತ್ತಾಳೆ. ಕೆಳಗಿನಿಂದ ಉದ್ದ ಮೂಗು, ಸುಕ್ಕು ಗಲ್ಲ, ಗೂನು ಬೆನ್ನು ಹೊರಬರುತ್ತವೆ. ಗೊಂಬೆಗಳ ಲೋಕದ ಜಿಮ್ ಹೆನ್ಸನ್ ಅವರ ಕಾರ್ಯಾಗಾರದವರು ರಬ್ಬರಿನಲ್ಲಿ ಕೈಯಾರೆ ಮಾಡಿದ ಮುಖ ಅದು. ಹಚ್ಚಲು ಗಂಟೆಗಟ್ಟಲೆ ಹಿಡಿಯುತ್ತಿತ್ತು. ಆ ಹೊರೆಯೊಳಗಿಂದಲೂ ಹ್ಯೂಸ್ಟನ್ ಕಣ್ಣು ಮತ್ತು ಕುತ್ತಿಗೆಯಲ್ಲೇ ನಟಿಸುತ್ತಾಳೆ. ಹೆನ್ಸನ್ 1990ರ ಮೇ ತಿಂಗಳಲ್ಲಿ ತೀರಿಕೊಂಡರು. ಈ ಸಿನಿಮಾ ಬ್ರಿಟನ್ನಿನಲ್ಲಿ ತೆರೆಗೆ ಬಂದದ್ದೂ ಅದೇ ತಿಂಗಳು. ಅವರ ಕೊನೆಯ ಕೆಲಸಗಳಲ್ಲಿ ಒಂದು ಎಂದು ಗೊತ್ತಿದ್ದು ನೋಡುವಾಗ ಆ ರಬ್ಬರಿನ ಮೇಲೆ ಗೌರವ ಹುಟ್ಟುತ್ತದೆ.

ಹೊಸದರಲ್ಲಿ ಆನ್ ಹ್ಯಾಥವೇ ಬಾಯಿ ಕಿವಿಯವರೆಗೆ ಸೀಳಿ ತೆರೆದುಕೊಳ್ಳುತ್ತದೆ, ಕೈಗಳು ಉದ್ದುದ್ದ ಚಾಚುತ್ತವೆ, ಅವಳು ಗಾಳಿಯಲ್ಲಿ ತೇಲುತ್ತಾಳೆ. ಮೊದಲ ಸಲ ಬಾಯಿ ತೆರೆದಾಗ ಮಗಳು ಚೀರಿದ್ದು ನಿಜ. ನಾಲ್ಕನೆಯ ಸಲಕ್ಕೆ ಚಕ್ಕುಲಿ ತಿನ್ನುತ್ತಾ ನೋಡಿದಳು. ಹ್ಯಾಥವೇ ಮನಸ್ಸಿಟ್ಟು ಆಡಿದ್ದಾಳೆ, ಅದರಲ್ಲಿ ಅನುಮಾನವಿಲ್ಲ. ಆದರೆ ಆ ಹೆಂಗಸು ಅದೇ ಕೋಣೆಯಲ್ಲಿ ಇದ್ದಾಳೆ ಎಂದು ಅನ್ನಿಸಲಿಲ್ಲ. ಹಳೆಯದನ್ನು ನೋಡಿದ ಮಾರನೆಯ ದಿನ ಬಸ್ ಸ್ಟಾಪಿನಲ್ಲಿ ಸ್ಕೂಟರ್ ನಿಲ್ಲಿಸಿದ ಹೆಂಗಸೊಬ್ಬರು ಬಿಸಿಲಿಗೆ ಗ್ಲೌಸು ತೊಟ್ಟಿದ್ದನ್ನು ಕಂಡು ಮಗಳು ನನ್ನ ದುಪ್ಪಟ್ಟಾ ಬಿಗಿಯಾಗಿ ಹಿಡಿದಿದ್ದಳು. ಹೊಸದನ್ನು ನೋಡಿದ ಮೇಲೆ ಅಂಥದ್ದೇನೂ ಆಗಲಿಲ್ಲ.

ಹಳೆಯದರಲ್ಲಿ ಹೋಟೆಲ್ ಮ್ಯಾನೇಜರ್ ಆಗಿ ರೋವನ್ ಅಟ್ಕಿನ್ಸನ್ ಇದ್ದಾರೆ. ಮಿಸ್ಟರ್ ಬೀನ್ ಬಂದ ಎಂದು ಮಕ್ಕಳಿಗೆ ಖುಷಿಯೋ ಖುಷಿ. ಹೆದರಿಕೆಯ ನಡುವೆ ಆ ಮುಖ ಉಸಿರು ಬಿಡಲು ಜಾಗ ಕೊಡುತ್ತದೆ.

ಹೊಸದರ ಬಗ್ಗೆ ಒಂದು ಮಾತು ಹೇಳಲೇಬೇಕು. ಪುಸ್ತಕದಲ್ಲಿ ಮಾಟಗಾತಿಯರ ಗ್ಲೌಸಿನೊಳಗೆ ಇರುವುದು ಬೆಕ್ಕಿನಂಥ ಉಗುರು. 2020ರಲ್ಲಿ ಅದನ್ನು ಬದಲಿಸಿ ಕೆಲವು ಬೆರಳುಗಳಿಲ್ಲದ, ಸೀಳಿದಂತಿರುವ ಕೈ ತೋರಿಸಿದರು. ಹುಟ್ಟಿನಿಂದಲೇ ಕೆಲವರ ಕೈ ಹಾಗಿರುತ್ತದೆ. ಪ್ಯಾರಾ ಕ್ರೀಡಾಪಟುಗಳು, ಅಂಗವೈಕಲ್ಯ ಇರುವವರು ಇದನ್ನು ಗಟ್ಟಿಯಾಗಿ ಪ್ರಶ್ನಿಸಿದರು. ಸಿನಿಮಾ ಕಂಪನಿ ಕ್ಷಮೆ ಕೇಳಿತು, ಹ್ಯಾಥವೇಯೂ ಕೇಳಿದರು. ಇದೆಲ್ಲ ಓದಿದ್ದರೂ ನನಗೆ ನಾಟಿದ್ದು ಅಣ್ಣನ ಮಗ ಆ ದೃಶ್ಯದಲ್ಲಿ ಮೆಲ್ಲಗೆ ಹೇಳಿದಾಗ: “ಅತ್ತೆ, ನಮ್ಮ ಕ್ಲಾಸಲ್ಲಿ ಒಬ್ಬನ ಕೈ ಹೀಗೇ ಇದೆ.” ನಿಲ್ಲಿಸಿ ಮಾತಾಡಿದೆವು. ಆ ಹುಡುಗ ಇದನ್ನು ನೋಡಿದರೆ ಅವನಿಗೆ ಏನನ್ನಿಸಬಹುದು ಎಂದು ಮಕ್ಕಳೇ ಯೋಚಿಸಿದರು. ಹೊಸದನ್ನು ತೋರಿಸುವವರು ಮೊದಲೇ ಈ ಮಾತು ಆಡಿ ಕೂರುವುದು ಒಳ್ಳೆಯದು.

ಇನ್ನು ಅಜ್ಜಿಯರು. ಹಳೆಯದರ ಅಜ್ಜಿ ಹೆಲ್ಗಾ ನಾರ್ವೆಯವಳು, ಸ್ವೀಡನ್ನಿನ ನಟಿ ಮಾಯ್ ಸೆಟರ್ಲಿಂಗ್ ಆ ಪಾತ್ರ ಮಾಡಿದ್ದಾರೆ. ಮೊಮ್ಮಗನಿಗೆ ಹೆದರಿಸುವ ಕತೆಯನ್ನು ಹೆದರಿಸಲೆಂದು ಹೇಳುವುದಿಲ್ಲ, ರಸ್ತೆ ದಾಟುವುದು ಕಲಿಸಿದ ಹಾಗೆ ಕಲಿಸುತ್ತಾಳೆ. ಅಮ್ಮನಿಗೆ ಇದು ತಕ್ಷಣ ಹಿಡಿಸಿತು. “ಗುಮ್ಮ ಬಂದ ಅಂತ ಸುಮ್ನೆ ಹೆದರಿಸ್ತಿದ್ವಿ ನಾವು. ಇವಳು ಗುಮ್ಮನ ಗುರುತನ್ನೂ ಹೇಳಿಕೊಟ್ಟಳು ನೋಡು” ಅಂದಳು. ಆಮೇಲೆ ತೊಂಬತ್ತರ ದಶಕದಲ್ಲಿ ಬೆಂಗಳೂರಿನ ನಮ್ಮ ಬೀದಿಯ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದನ್ನು ಮಕ್ಕಳಿಗೆ ವಿವರಿಸುತ್ತಾ ಕೂತಳು. ಸಿನಿಮಾ ಅರ್ಧ ಗಂಟೆ ನಿಂತೇ ಇತ್ತು.

ಹೊಸದು ಕತೆಯನ್ನು ಅಮೆರಿಕದ ಅಲಬಾಮಾಕ್ಕೆ, 1968ಕ್ಕೆ ಒಯ್ದಿದೆ. ಅಜ್ಜಿ, ಮೊಮ್ಮಗ ಇಬ್ಬರೂ ಕಪ್ಪು ಜನ. ಒಕ್ಟಾವಿಯಾ ಸ್ಪೆನ್ಸರ್ ಮಾಡಿದ ಈ ಅಜ್ಜಿ ಗಿಡಮೂಲಿಕೆ ತಿಳಿದವಳು. ಅಪ್ಪ ಅಮ್ಮ ಸತ್ತು ಮಾತು ಬಿಟ್ಟ ಹುಡುಗನನ್ನು ತಿನ್ನಿಸಿ, ಕುಣಿಸಿ, ಮೆಲ್ಲಮೆಲ್ಲಗೆ ಬದುಕಿಗೆ ತರುವ ಮೊದಲ ಇಪ್ಪತ್ತು ನಿಮಿಷ ಇಡೀ ಸಿನಿಮಾದ ಬಂಗಾರ. ಹಳೆಯದು ಆ ದುಃಖವನ್ನು ಬೇಗ ದಾಟಿಬಿಡುತ್ತದೆ. ಇಲ್ಲಿ ಅದಕ್ಕೆ ಹೊತ್ತು ಕೊಟ್ಟಿದ್ದಾರೆ. ಮಾಟಗಾತಿಯರು ಹಿಡಿಯುವುದು ಬಡವರ ಮಕ್ಕಳನ್ನೇ, ಕಾಣೆಯಾದರೆ ಯಾರೂ ಗದ್ದಲ ಮಾಡದ ಮಕ್ಕಳನ್ನೇ ಎಂಬರ್ಥದ ಮಾತೊಂದನ್ನು ಈ ಅಜ್ಜಿ ಆಡುತ್ತಾಳೆ. ಕನ್ನಡದಲ್ಲಿ ಹೇಳಿದಾಗ ಅಮ್ಮ ಹೂಂ ಎಂದು ಸುಮ್ಮನಾದಳು. ಅಜ್ಜಿಯ ಲೆಕ್ಕದಲ್ಲಿ ಹೊಸದಕ್ಕೇ ನನ್ನ ಓಟು. ಅಮ್ಮನ ಓಟು ಹೆಲ್ಗಾಗೆ.

ಹಳೆಯದು ಸೋಲುವುದು ಕೊನೆಯಲ್ಲಿ. ಪುಸ್ತಕದಲ್ಲಿ ಹುಡುಗ ಇಲಿಯಾಗಿಯೇ ಉಳಿಯುತ್ತಾನೆ. ಇಲಿ-ಮನುಷ್ಯನಿಗೆ ಇನ್ನು ಸುಮಾರು ಒಂಬತ್ತು ವರ್ಷ ಆಯಸ್ಸು ಎಂದು ಅಜ್ಜಿ ಹೇಳಿದರೆ ಅವನಿಗೆ ಸಮಾಧಾನವೇ ಆಗುತ್ತದೆ. ಅಜ್ಜಿಗೂ ಅಷ್ಟೇ ದಿನ ಉಳಿದಿರುವುದು, ಅವಳಿಲ್ಲದೆ ಬದುಕುವುದು ಅವನಿಗೆ ಬೇಡ. ಮಕ್ಕಳ ಪುಸ್ತಕದಲ್ಲಿ ಇಷ್ಟು ಧೈರ್ಯದ ಕೊನೆಯನ್ನು ನಾನು ಹೆಚ್ಚು ಕಂಡಿಲ್ಲ. 1990ರ ಸಿನಿಮಾದಲ್ಲಿ ಒಳ್ಳೆಯವಳಾಗಿ ಬದಲಾದ ಮಾಟಗಾತಿಯೊಬ್ಬಳು ಬಂದು ಅವನನ್ನು ಮತ್ತೆ ಹುಡುಗನನ್ನಾಗಿ ಮಾಡುತ್ತಾಳೆ. ಡಾಲ್‌ಗೆ ಇದು ಸುತರಾಂ ಹಿಡಿಸಲಿಲ್ಲ. 2020ರದ್ದು ಹುಡುಗನನ್ನು ಇಲಿಯಾಗಿಯೇ ಉಳಿಸಿಕೊಳ್ಳುತ್ತದೆ. ಆ ಆಯಸ್ಸಿನ ಮಾತಿಗೆ ಸಿಗಬೇಕಾದ ಮೌನ ಅಲ್ಲೂ ಸಿಗದಿದ್ದರೂ, ಅದು ಸರಿಯಾದ ಕೊನೆ.

ಮಕ್ಕಳ ಅಭಿಪ್ರಾಯ ಒಂದಾಗಲಿಲ್ಲ. ಹುಡುಗ ಮತ್ತೆ ಹುಡುಗನಾಗಿದ್ದು ಮಗಳಿಗೆ ನೆಮ್ಮದಿ. ಅಣ್ಣನ ಮಗನಿಗೆ ಸಿಟ್ಟು: “ಹಾಗಾದ್ರೆ ಎರಿಕಾನ ಯಾಕೆ ಯಾರೂ ಬಿಡಿಸಲಿಲ್ಲ?” ಉತ್ತರ ನನ್ನ ಹತ್ತಿರವೂ ಇರಲಿಲ್ಲ.

ಕೇಳಿದವರಿಗೆ ಈಗ ಹೀಗೆ ಹೇಳುತ್ತೇನೆ. ಏಳರ ಒಳಗಿನವರಿಗೆ ಎರಡೂ ಬೇಡ. ಬೇಗ ಹೆದರುವ ಮಗುವಾದರೆ ಹೊಸದು, ಕೈಯ ವಿಷಯ ಮೊದಲೇ ಮಾತಾಡಿ. ಒಂಬತ್ತು ದಾಟಿ, ಕತೆ ಕೇಳಿ ರೂಢಿ ಇರುವ ಮಕ್ಕಳಿಗೆ ಹಳೆಯದು, ದೊಡ್ಡವರು ಪಕ್ಕದಲ್ಲಿ ಕೂತು, ಹಗಲಲ್ಲಿ. ಮುಂದಿನ ರಜೆಗೆ ಅಣ್ಣನ ಮಗಳೂ ಬರುತ್ತಾಳೆ, ಅವಳಿಗೆ ಆಗ ಹತ್ತು ತುಂಬಿರುತ್ತದೆ. ಹಳೆಯದನ್ನೇ ಹಾಕುವುದು, ಇಲಿಯಾದ ಹುಡುಗ ಅಜ್ಜಿಯ ಜೊತೆ ಮನೆಗೆ ಬಂದಲ್ಲಿಗೆ ನಿಲ್ಲಿಸುವುದು, ಒಂಬತ್ತು ವರ್ಷದ ಆ ಲೆಕ್ಕವನ್ನು ಅಮ್ಮನ ಬಾಯಲ್ಲಿ ಹೇಳಿಸುವುದು ಎಂದು ಅಂದುಕೊಂಡಿದ್ದೇನೆ. ಅಮ್ಮ ಒಪ್ಪಿದ್ದಾಳೆ. ಕತೆಯನ್ನು ಆಗಲೇ ಎರಡು ಸಲ ನನ್ನಿಂದ ಹೇಳಿಸಿಕೊಂಡಿದ್ದಾಳೆ.