ಒಂದು ಪೌಂಡಿನ ಷೇರು: ಗ್ಲ್ಯಾಸ್ಗೋದ ಸಮುದಾಯ ವಸತಿ ಸಂಘಗಳ ಸೇವೆ ಹೇಗಿದೆ?

ಸ್ಕಾಟ್ಲೆಂಡಿನ ಗ್ಲ್ಯಾಸ್ಗೋ ನಗರದಲ್ಲಿ ಬಾಡಿಗೆ ಮನೆ ಹುಡುಕುವವರು ಆಯಾ ಬಡಾವಣೆಯ ಸಮುದಾಯ ವಸತಿ ಸಂಘಕ್ಕೂ ಅರ್ಜಿ ಹಾಕಿಡಬೇಕು. ಲಾಭದ ಉದ್ದೇಶವಿಲ್ಲದ ಈ ಸಂಘಗಳನ್ನು ನಡೆಸುವ ಸಮಿತಿಯಲ್ಲಿ ಹೆಚ್ಚಿನವರು ಅಲ್ಲಿನ ನಿವಾಸಿಗಳೇ. 1970ರ ದಶಕದಲ್ಲಿ ಹಳೆಯ ಮರಳುಗಲ್ಲಿನ ಟೆನೆಮೆಂಟ್ ಕಟ್ಟಡಗಳನ್ನು (ಒಂದೇ ಮೆಟ್ಟಿಲನ್ನು ಹಲವು ಮನೆಗಳು ಹಂಚಿಕೊಳ್ಳುವ ಬಹುಮಹಡಿ ಕಟ್ಟಡಗಳು) ಕೆಡವಲು ಬಿಡದೆ, ಮನೆಯೊಳಗೇ ಶೌಚಾಲಯ, ಬಚ್ಚಲು ಕಟ್ಟಿಸಿಕೊಟ್ಟದ್ದು ಇವರ ಹಿರಿಮೆ. 1974ರ ವಸತಿ ಕಾಯ್ದೆಯ ಅನುದಾನ ಅದಕ್ಕೆ ಆಸರೆಯಾಯಿತು.

ಬಾಡಿಗೆ ಖಾಸಗಿಗಿಂತ ಸಾಮಾನ್ಯವಾಗಿ ಕಡಿಮೆ, ಕಚೇರಿಯೂ ಬಡಾವಣೆಯಲ್ಲೇ. ಆದರೆ ಮನೆ ಖಾಲಿಯಾಗುವುದು ಅಪರೂಪ, ವರ್ಷಗಟ್ಟಲೆ ಕಾಯಬೇಕಾಗಬಹುದು.

ದುರಸ್ತಿಗೆ ದೂರು ಕೊಟ್ಟಾಗ ದಿನಾಂಕ ಬರೆದಿಟ್ಟುಕೊಳ್ಳಿ. 350 ಪೌಂಡಿನೊಳಗಿನ ಅರ್ಹ ಸಣ್ಣ ಕೆಲಸಗಳನ್ನು ಗಡುವಿನೊಳಗೆ ಶುರುಮಾಡದಿದ್ದರೆ, ಸಂಘದ ಪಟ್ಟಿಯಲ್ಲಿರುವ ಇನ್ನೊಬ್ಬ ಗುತ್ತಿಗೆದಾರನನ್ನು ಕರೆಸುವ ಹಕ್ಕು ಬಾಡಿಗೆದಾರರಿಗಿದೆ, ಜೊತೆಗೆ 15 ಪೌಂಡ್ ಪರಿಹಾರ.

ಕಗ್ಗಂಟಾಗುವುದು ಚಾವಣಿಯ ಕೆಲಸ. ಒಂದೇ ಮೆಟ್ಟಿಲನ್ನು ಹಂಚಿಕೊಂಡ ಎಂಟು ಮನೆಗಳಲ್ಲಿ ಐದು ಸಂಘದವು, ಮೂರು ಖಾಸಗಿಯವು ಎಂದಿಟ್ಟುಕೊಳ್ಳಿ. ಖರ್ಚು ಎಲ್ಲರ ಪಾಲು. ಊರಲ್ಲೇ ಇರದ ಒಬ್ಬ ಮಾಲೀಕ ಹಣ ಕೊಡದಿದ್ದರೂ ಕೆಲಸ ತಡವಾಗಬಹುದು, ಸೋರಿಕೆ ಕೆಳಗಿನ ಮನೆಗೂ ಇಳಿಯಬಹುದು.

ಬಾಡಿಗೆದಾರರಾದ ಕೂಡಲೇ ಒಂದು ಪೌಂಡ್ ಕೊಟ್ಟು ಸದಸ್ಯತ್ವದ ಷೇರು ಪಡೆಯಿರಿ. ಸಂಘದ ಸದಸ್ಯರ ಸಭೆಯಲ್ಲಿ ಮತ ಹಾಕಲು ಅದು ಬೇಕು, ಆದರೂ ಬಹಳ ಮಂದಿ ಇದನ್ನು ಕಡೆಗಣಿಸುತ್ತಾರೆ. ನಗರದ ಡೆನಿಸ್ಟೌನ್ ಬಡಾವಣೆಯ ರೀಡ್‌ವೇಲ್ ಸಂಘವನ್ನು ದೊಡ್ಡ ಸಂಸ್ಥೆಗೆ ವರ್ಗಾಯಿಸಲು ಬಾಡಿಗೆದಾರರ ಮತದಾನದಲ್ಲಿ ಬಹುಮತ ಸಿಕ್ಕಿತ್ತು. ಆದರೆ 2024ರ ಜನವರಿಯಲ್ಲಿ ಷೇರುದಾರ ಸದಸ್ಯರ ಸಭೆ ಆ ವರ್ಗಾವಣೆಯನ್ನು ತಿರಸ್ಕರಿಸಿತು.