ಕಣ್ಣಲ್ಲಿ ನೀರು ಸುರಿದರೂ ಒಣಕಣ್ಣು: ಸಿಎಂಸಿ ಡ್ರಾಪ್ಸ್ ಹಾಕಿ ನೋಡಿದ ಮೇಲೆ
ಬೆಂಗಳೂರಿನ ಸುಲ್ತಾನ್‌ಪೇಟೆಯಲ್ಲಿ ಲಗ್ನಪತ್ರಿಕೆಗಳ ಡಿಟಿಪಿ ಮಾಡುತ್ತೇನೆ, ಅಂದರೆ ಕಂಪ್ಯೂಟರ್‌ನಲ್ಲಿ ಅಕ್ಷರ ಜೋಡಿಸುವ ಕೆಲಸ. ಮದುವೆ ಸೀಸನ್ ಬಂದರೆ ಇಡೀ ದಿನ ಸ್ಕ್ರೀನ್ ಮುಂದೆಯೇ. ಪ್ರೂಫ್‌ನಲ್ಲಿ ಒಂದು ಒತ್ತಕ್ಷರ ಕಣ್ತಪ್ಪಿದರೂ ಅಷ್ಟೂ ಕಾರ್ಡ್ ವೇಸ್ಟ್. ಕಣ್ಣು ಕೈಕೊಟ್ಟರೆ ನನಗೆ ಕೆಲಸವೇ ಇಲ್ಲ.

ಸಂಜೆಯಾದರೆ ಕಣ್ಣು ಉರಿ, ಒಳಗೆ ಮರಳು ಬಿದ್ದ ಹಾಗೆ. ಫ್ಯಾನ್ ಕೆಳಗೆ ಕೂತರೆ ಧಾರಾಕಾರ ನೀರು. ಮಾರ್ಕೆಟ್ ಹತ್ತಿರದ ಮಿಂಟೋ ಕಣ್ಣಿನ ಆಸ್ಪತ್ರೆಯಲ್ಲಿ ತೋರಿಸಿದೆ. ಕಣ್ಣಿಗೆ ಬಣ್ಣದ ಔಷಧಿ ತಾಗಿಸಿ, ಮಿಟುಕಿಸಬೇಡಿ ಅಂದರು. ಕಣ್ಣೀರಿನ ಪದರ 10 ಸೆಕೆಂಡಾದರೂ ಒಡೆಯದೆ ನಿಲ್ಲಬೇಕಂತೆ. ನನ್ನದು ನಿಲ್ಲಲಿಲ್ಲ. ನೀರು ಸುರಿಯುವಾಗ ಒಣಕಣ್ಣು ಹೇಗೆ ಅಂತ ಕೇಳಿದೆ. ರೆಪ್ಪೆ ಅಂಚಿನ ಗ್ರಂಥಿಗಳು ಬಿಡುವ ಎಣ್ಣೆ ಕಣ್ಣೀರಿನ ಮೇಲೆ ಹರಡಿಕೊಂಡಿದ್ದರೆ ಅದು ಬೇಗ ಆರುವುದಿಲ್ಲ. ಎಣ್ಣೆ ಕಡಿಮೆಯಾದರೆ ಪದರ ಒಡೆದು ಕಣ್ಣು ಉರಿಯುತ್ತದೆ, ಆ ಉರಿಗೇ ನೀರು ನುಗ್ಗುತ್ತದೆ. ಆ ನೀರು ಕೆನ್ನೆ ಮೇಲೆ ಇಳಿದುಹೋಗುತ್ತದೆ, ಕಣ್ಣಲ್ಲಿ ನಿಲ್ಲುವುದಿಲ್ಲ. ಸ್ಕ್ರೀನ್ ನೋಡುವಾಗ ನಾವು ಮಿಟುಕಿಸುವುದೂ ಕಡಿಮೆ, ಅಲ್ವಾ?

ಬರೆದುಕೊಟ್ಟಿದ್ದು ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ 0.5% ಡ್ರಾಪ್ಸ್, ಅಂದರೆ ಕೃತಕ ಕಣ್ಣೀರು. ಮೆಡಿಕಲ್ ಶಾಪ್‌ನಲ್ಲಿ ಸಿಎಂಸಿ ಅಂದರೂ ಸಾಕು. ಬೇರೆ ಬೇರೆ ಕಂಪನಿಗಳು ಮಾಡುತ್ತವೆ. ಹಾಕಿದ ತಕ್ಷಣ ತಂಪು, ಉರಿಯುವುದಿಲ್ಲ, ದೃಷ್ಟಿ ಒಂದು ಗಳಿಗೆ ಮಂಜಾಗಿ ತಿಳಿಯಾಗುತ್ತದೆ. ಪ್ರೂಫ್ ನೋಡುತ್ತಲೇ ಹಾಕಿಕೊಳ್ಳಬಹುದು. 1% ಬರುವುದು ಮಂದ, ಮಂಜು ಜಾಸ್ತಿ ಹೊತ್ತು ಇರುತ್ತದೆ. ಅದು ರಾತ್ರಿ ಮಲಗುವಾಗ ಸರಿ.

ಬಾಟಲ್ ಬಗ್ಗೆ ನನ್ನ ತಕರಾರು ಒಂದಿದೆ. ನಾನು ತಂದಿದ್ದನ್ನು ಸ್ವಲ್ಪ ಒತ್ತಿದರೆ ಎರಡು ಮೂರು ಹನಿ ಒಟ್ಟಿಗೆ ಬೀಳುತ್ತಿತ್ತು, ಸುಮ್ನೆ ದಂಡ. ಡಬ್ಬಿ ಮೇಲಿನ ಅಕ್ಷರವಂತೂ ಕಣ್ಣು ಚೆನ್ನಾಗಿದ್ದವರೂ ಓದಲಾರರು. ಆದರೂ ಕಷ್ಟಪಟ್ಟು ಓದಿ. ಅದರಲ್ಲಿ ಬೆಂಜಾಲ್ಕೋನಿಯಂ ಕ್ಲೋರೈಡ್ ಅಂತ ಇದ್ದರೆ ಅದು ಕೆಡದಂತೆ ಹಾಕುವ ಪ್ರಿಸರ್ವೇಟಿವ್. ದಿನಕ್ಕೆ ನಾಲ್ಕು ಸಲಕ್ಕಿಂತ ಜಾಸ್ತಿ ಹಾಕುವವರಿಗೆ ಅದೇ ಕಣ್ಣು ಕೆರಳಿಸಬಹುದು. ಅಂಥವರು ಪ್ರಿಸರ್ವೇಟಿವ್ ಇಲ್ಲದ್ದನ್ನು ಕೇಳಿ ತಗೊಳ್ಳಿ. ಒಂದೇ ದಿನಕ್ಕಾಗುವ ಪುಟ್ಟ ಟ್ಯೂಬ್‌ಗಳಲ್ಲಿ ಸಿಗುತ್ತದೆ. ರೇಟ್ ಜಾಸ್ತಿ. ಸೀಸನ್‌ನಲ್ಲಿ ನಾನು ಅದನ್ನೇ ತರುತ್ತೇನೆ, ಆಷಾಢದಲ್ಲಿ ಕೆಲಸ ಕಡಿಮೆ, ಬಾಟಲೇ ಸಾಕು. ಸಾಮಾನ್ಯವಾಗಿ ಬಾಟಲ್ ತೆರೆದು ಒಂದು ತಿಂಗಳಾದರೆ ಉಳಿದಿದ್ದರೂ ಎಸೆಯಬೇಕು. ಹಾಗಾಗಿ ತೆರೆದ ತಾರೀಖು ಅದರ ಮೇಲೇ ಬರೆದಿಡುತ್ತೇನೆ.

ಆದರೆ ಡ್ರಾಪ್ಸ್ ಒಂದನ್ನೇ ನಂಬಿದರೆ ಆಗುವುದಿಲ್ಲ. ಅದು ಪದರಕ್ಕೆ ಆಸರೆ ಕೊಡುತ್ತದೆ, ಎಣ್ಣೆ ಬಿಡದೆ ಕಟ್ಟಿಕೊಂಡ ರೆಪ್ಪೆಯ ಗ್ರಂಥಿಯನ್ನು ಬಿಡಿಸುವುದಿಲ್ಲ. ಅದಕ್ಕೆ ಬಿಸಿ ಶಾಖವೇ ಬೇಕು. ಶುದ್ಧ ಬಟ್ಟೆಯನ್ನು ಚರ್ಮ ತಡೆಯುವಷ್ಟು ಬಿಸಿನೀರಲ್ಲಿ ಅದ್ದಿ ಹಿಂಡಿ, ಮುಚ್ಚಿದ ರೆಪ್ಪೆ ಮೇಲೆ ಐದರಿಂದ ಹತ್ತು ನಿಮಿಷ. ಆರಿದಾಗ ಮತ್ತೆ ಅದ್ದಬೇಕು. ಆಮೇಲೆ ಮೇಲಿನ ರೆಪ್ಪೆಯನ್ನು ಕೆಳಮುಖವಾಗಿ, ಕೆಳಗಿನದನ್ನು ಮೇಲ್ಮುಖವಾಗಿ ಹಗುರವಾಗಿ ನೀವಬೇಕು. ನನಗೆ ಸಂಜೆಯ ಉರಿ ನಿಜಕ್ಕೂ ಇಳಿದಿದ್ದು ಇದನ್ನು ಬಿಡದೆ ಮಾಡಿದ ಮೇಲೆ.

ಕೆಂಪು ಹೋಗಿಸುವ ಡ್ರಾಪ್ಸ್ ಬೇರೆ, ಇದು ಬೇರೆ. ದಯವಿಟ್ಟು ಒಂದರ ಬದಲು ಇನ್ನೊಂದು ತರಬೇಡಿ. ನೋವು ಇದ್ದರೆ, ಬೆಳಕು ನೋಡಲಾಗದಿದ್ದರೆ, ದೃಷ್ಟಿ ಮಸುಕಾದರೆ ಅಂಗಡಿಗಲ್ಲ, ಮೊದಲು ಡಾಕ್ಟರ ಹತ್ತಿರ ಹೋಗಿ. ಬಾಯಿಯೂ ಸದಾ ಒಣಗುತ್ತಿದ್ದರೆ, ಶೀತಕ್ಕೋ ಅಲರ್ಜಿಗೋ ಮಾತ್ರೆ ನುಂಗುತ್ತಿದ್ದರೆ ಅದನ್ನೂ ಅವರಿಗೆ ಹೇಳಿ.